ಮಾವ ಬಾಯಿ ಮುಚ್ಚಿಕೊಂಡ ಸಂಜೆ

ಒಂದಾನೊಂದು ಕಾಲದಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಕೆಳಗಿನ ನೆಲಮಾಳಿಗೆಯಲ್ಲಿ ಒಬ್ಬ ರಾಕ್ಷಸನಿದ್ದ. ಕತೆಯ ರಾಕ್ಷಸರ ಜೀವ ಏಳು ಕಡಲಾಚೆಯ ಗಿಳಿಯಲ್ಲಿದ್ದರೆ ಇವನ ಜೀವ ನಾಲಗೆಯ ತುದಿಯಲ್ಲಿತ್ತು. ಮನುಷ್ಯರನ್ನು ತಿನ್ನುತ್ತಿರಲಿಲ್ಲ, ಅವರ ತಲೆ ತಿನ್ನುತ್ತಿದ್ದ. ಊರಿಗೆ ಅವನು ಏರ್ ರೈಫಲ್ ಕ್ಲಬ್ಬಿನ ಕೋಚ್. ಕ್ಲಬ್ಬಿನ ಬೀಗದ ಕೈ ಇಟ್ಟುಕೊಂಡಿದ್ದ ಸೊಸೆಗೆ, ಮಾವ.

ಹಳಬರು ಕಣ್ಣು ಮಂಜಾಗಿ ಒಬ್ಬೊಬ್ಬರೇ ಮನೆ ಸೇರಿದ್ದರು. ಹೊಸಬರು ಆಸೆಯಿಂದ ಬರುತ್ತಿದ್ದರು, “ಮೊಣಕೈ ಇಳಿಸು, ಕೆನ್ನೆ ಒತ್ತು, ಉಸಿರು ಬಿಡು, ಅಯ್ಯೋ ಈಗಲ್ಲ!” ಎಂಬ ಮಾವನ ಮಾತಿನ ಮಳೆಗೆ ತೊಯ್ದು ತೊಪ್ಪೆಯಾಗಿ ಹೋದವರು ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಈ ತಿಂಗಳೂ ಯಾರೂ ನಿಲ್ಲದಿದ್ದರೆ ಜಾಗವನ್ನು ಟೇಬಲ್ ಟೆನಿಸ್‌ನವರಿಗೆ ಕೊಡುವುದೆಂದು ಕಟ್ಟಡದವರು ಹೇಳಿಯಾಗಿತ್ತು.

“ಮಾವ, ಇವತ್ತು ಹೊಸದಾಗಿ ಕಲಿಯೋಕೆ ಬರೋಳ ಎದುರಿಗೆ ಒಂದು ಗಂಟೆ ಬಾಯಿ ಮುಚ್ಕೊಂಡಿರಬೇಕು. ಮಾತು ಕೊಡಿ.”

“ತಪ್ಪು ಕಣ್ಣಿಗೆ ರಾಚಿದ್ರೂ?”

“ರಾಚಿದ್ರೂ.”

“ಉಸಿರು ಕಟ್ಟಿ ಸತ್ತೇ ಹೋಗ್ತೀನಿ ಕಣಮ್ಮ.”

“ಒಂದು ಗಂಟೆಗೆ ಯಾರೂ ಸಾಯಲ್ಲ. ಕ್ಲಬ್ಬು ಮುಚ್ಚಿದ್ರೆ ಸಂಜೆ ಹೊತ್ತು ಎಲ್ಲಿಗೆ ಹೋಗ್ತೀರಿ, ಅದನ್ನ ಯೋಚಿಸಿ.”

ಮಾವ ಸೊಸೆಯ ಅಂಗೈ ಮೇಲೆ ಕೈಯಿಟ್ಟರು.

ಬಂದವಳು ಬಸ್ಸಿನ ಡ್ರೈವರ್, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಮೆಟ್ಟಿಲಿಳಿದು ಬಂದಿದ್ದಳು. ಬಂದೂಕಿನ ಮೂತಿ ಸದಾ ಗುರಿಯ ಕಡೆಗೇ ಇರಬೇಕೆಂಬ ಮೊದಲ ಪಾಠವನ್ನು ಸೊಸೆಯೇ ಹೇಳಿಕೊಟ್ಟಳು. ಮಾವ ಹಿಂದೆ ಸ್ಟೂಲಿನ ಮೇಲೆ, ಹೆಗಲಿಗೆ ಟವೆಲ್ ಹಾಕಿಕೊಂಡು ಕೂತರು. ಮೊದಲ ಗುಂಡು ಗೋಡೆಗೆ. ಎರಡನೆಯದು ಕಾಗದದ ಮೂಲೆಗೆ. ಬಸ್ಸಿನ ಬ್ರೇಕ್ ತುಳಿದಂತೆ ಅವಳು ಟ್ರಿಗರನ್ನು ಜಗ್ಗುತ್ತಿದ್ದಳು. ಮಾವ ಅರ್ಧ ಎದ್ದರು, ಕೂತರು, ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು.

ಅವಳೋ, ತನ್ನ ಗುರಿಗೆ ತಾನೇ ನಗುತ್ತ ಹೊಡೆದಳು. ಕೊನೆಗೆ ಬಂದೂಕು ಕೆಳಗಿಟ್ಟು ತಿರುಗಿ, “ಸರ್, ನನ್ನ ತಪ್ಪು ಎಲ್ಲಿ?” ಎಂದಳು.

ಮಾವನ ಮುಖ ದೀಪ ಹಚ್ಚಿದಂತಾಯಿತು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಕೇಳಲು ಅವರು ಬಿಟ್ಟಿದ್ದರೆ ತಾನೆ! ಗಂಟೆ ತುಂಬಿರಲಿಲ್ಲ. ಸೊಸೆಯೇ ‘ಹೇಳಿ’ ಎಂದು ಕಣ್ಸನ್ನೆ ಮಾಡಿದಳು. ಮಾವ ಇಲ್ಲವೆಂದು ತಲೆಯಾಡಿಸಿದರು. ಕೊಟ್ಟ ಮಾತು. ಗಡಿಯಾರ ತೋರಿಸಿ, ಕೈಯನ್ನು ಆಚೆಗೆ ಬೀಸಿದರು.

“ನಾಳೆ ಹೇಳ್ತಾರಂತೆ,” ಎಂದಳು ಸೊಸೆ.

“ಇದೊಳ್ಳೆ ಕತೆಯಾಯ್ತಲ್ಲ!” ಎನ್ನುತ್ತ ಡ್ರೈವರ್ ಮೆಟ್ಟಿಲು ಹತ್ತಿದಳು.

“ಬರಲ್ಲ ಅವಳು,” ಮನೆಯವರೆಗೂ ಮಾವನದು ಅದೊಂದೇ ಮಾತು. “ಹೇಳಿಬಿಡಬೇಕಿತ್ತು.”

ಮರುದಿನ ಸಂಜೆ ಸೊಸೆ ಮಾವನೊಡನೆ ಬೀಗ ತೆಗೆಯಲು ಬಂದಾಗ ಮೆಟ್ಟಿಲ ಮೇಲೆ ಯೂನಿಫಾರ್ಮು ಕೂತಿತ್ತು.

“ಬೆಳಗಿಂದ ಒಂದೊಂದು ಸಿಗ್ನಲ್ಲಲ್ಲೂ ಅದೇ ಯೋಚನೆ ಸರ್. ಹೇಳಿ, ಏನು ನನ್ನ ತಪ್ಪು?”

ಮಾವ ಬಾಯಿ ತೆರೆದರು. ಸೊಸೆ ಕಣ್ಣು ಮುಚ್ಚಿಕೊಂಡಳು.

“ಟ್ರಿಗರ್ರು ಬ್ರೇಕ್ ಅಲ್ಲಮ್ಮ. ಮೆತ್ತಗೆ, ಮಗು ಬೆರಳು ಹಿಡಿದ ಹಾಗೆ.”

“ಅಷ್ಟೇನಾ?”

“ಇನ್ನೂ ಇದೆ,” ಎಂದ ಮಾವ, ಟವೆಲ್ಲಿನ ತುದಿಯನ್ನು ಬಾಯಿಯ ಹತ್ತಿರ ತಂದುಕೊಂಡರು. “ನಾಳೆ.”