ಚಪ್ಪಲಿ ಕಾಯುವ ಗೇಟು

೨೦೨೫ ಮೇ ೧೮, ಭಾನುವಾರ ಬೆಳಿಗ್ಗೆ ೧೦.೨೦. ನವಿ ಮುಂಬೈ ಬಳಿಯ ಕಳಂಬೋಲಿಯ ಕನ್ನಡ ಚರ್ಚಿನಲ್ಲಿ ಪಾಸ್ಟರ್ ದೇವಮಿತ್ರರ ಪ್ರಸಂಗಕ್ಕೆ ಒಂಬತ್ತೇ ಜನ. ಜನ ಹೆಚ್ಚದಿದ್ದರೆ ಮುಂದಿನ ತಿಂಗಳು ಚರ್ಚೇ ಮುಚ್ಚುತ್ತದೆ. ಕಬ್ಬಿಣದ ಮಾರ್ಕೆಟ್ಟಿನ ಹಮಾಲರ ಮನೆಮನೆಗೂ ಹೋಗಿ ಕರೆದಿದ್ದರೂ ಒಬ್ಬರೂ ಬರಲಿಲ್ಲವಲ್ಲ ಎಂದು ಅವರು ಕೊರಗುತ್ತಿದ್ದರು.

ಹೊರಗೆ ಗೇಟು ಧಡಧಡ ಅಲುಗಿತು. "ಏನ್ರೀ ಪಾಸ್ಟರಪ್ಪ, ಕರಿಯೋರೂ ನೀವ, ಕೀಲಿ ಜಡಿಯೋರೂ ನೀವ! ಗಾಡಿ ಖಾಲಿ ಮಾಡಿ ಬರೂದ್ರಾಗ ಪ್ರತಿ ಸಂಡೇ ಕೀಲಿ ನೋಡಿ ತಿರುಗಿ ಹೋಗೂದ ಹಣೆಬರಾ," ಎಂದು ಹಮಾಲರ ಮರಗಮ್ಮ ಕೂಗಿದಳು. ಅವಳ ಹಿಂದೆ ಹಮಾಲರ ಇಡೀ ಚಾಳಿನ ಜನ ನಿಂತಿದ್ದರು.

"ತೆರೆದಿಟ್ರೆ ಚಪ್ಪಲಿ ಕಳವಾಗ್ತದೆ ಪಾಸ್ಟರೇ. ಹತ್ತಕ್ಕೆ ಬೀಗ, ಅದು ನಮ್ಮ ಪದ್ಧತಿ," ಎಂದರು ಸಭೆಯ ಹಿರಿಯ ಸುಂದರರಾಜ್, ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು.

ದೇವಮಿತ್ರ ಪ್ರಸಂಗ ನಿಲ್ಲಿಸಿ, ಆ ಮುಷ್ಟಿ ಬಿಡಿಸಿ ಕೀಲಿಕೈ ತೆಗೆದುಕೊಂಡರು. ಗೇಟಿನ ಎರಡೂ ರೆಕ್ಕೆಗಳನ್ನು ಗೋಡೆಗೆ ತಾಗುವಷ್ಟು ಸರಿಸಿ, ಕಳವಾದರೆ ಮೊದಲು ಅದೇ ಹೋಗಲಿ ಎಂಬಂತೆ ತಮ್ಮ ಹೊಸ ಚಪ್ಪಲಿಯನ್ನು ಹೊರಗೆ ರಸ್ತೆಯ ಅಂಚಿಗೇ ಇಟ್ಟರು. ಚಾಳಿನವರೆಲ್ಲ ಒಳಬರಲು ಈಗ ತೆರೆದ ದಾರಿಯ ಅಗಲ ಎಂಟು ಅಡಿ.