ನಿರ್ದೇಶಕರ ಪುಡಿ

“ಎಷ್ಟು ಕದ್ದು ಸುರಿದೆ?” ನಿರ್ದೇಶಕರು ಗುಡುಗಿದರು.

ಹುಡುಗಿಯ ಗಾಜಿನ ಕೊಳವೆ ಅನಿಲದಿಂದ ತುಂಬಿಹೋಗಿತ್ತು. ಉಳಿದವರ ಕೊಳವೆಗಳಲ್ಲಿ ನಾಲ್ಕು ಗುಳ್ಳೆ ಎದ್ದು ಸುಮ್ಮನಾಗಿದ್ದವು.

ಅಂತರರಾಷ್ಟ್ರೀಯ ಬೇಸಿಗೆ ಶಾಲೆಯ ಕೊನೆಯ ದಿನವದು. ಸುಸ್ಥಿರ ಇಂಧನದಿಂದ ಭೂಮಿಯನ್ನು ಉಳಿಸಲು ದೇಶದೇಶಗಳಿಂದ ಬಂದಿದ್ದ ವಿದ್ಯಾರ್ಥಿಗಳು ವಾರವಿಡೀ ನಿರ್ದೇಶಕರ ಸ್ವಂತ ಹೊಗಳಿಕೆಗೆ ಚಪ್ಪಾಳೆ ತಟ್ಟಿದ್ದರು. ಅಗ್ಗದ ಕಬ್ಬಿಣದಿಂದ ಅವರು ತಯಾರಿಸಿದ ಕಪ್ಪು ಪುಡಿ ಮಹಾ ವೇಗವರ್ಧಕವಂತೆ. ಬಿಸಿ ದ್ರಾವಣಕ್ಕೆ ಚಿಟಿಕೆ ಹಾಕಿದರೆ ಹೈಡ್ರೋಜನ್ ಬುಳುಬುಳು ಬರುತ್ತದಂತೆ. ಇದೇ ಕೆಲಸ ಮಾಡುವ ದುಬಾರಿ ಪ್ಲಾಟಿನಂಗೆ ತಾವು ಎಂದೋ ಎಳ್ಳುನೀರು ಬಿಟ್ಟಾಯಿತು ಎಂದು ಊಟದ ಸಾಲಿನಲ್ಲೂ ಕೊಚ್ಚಿಕೊಂಡಿದ್ದರು.

ಇವತ್ತು ಸ್ಪರ್ಧೆ. ಎಲ್ಲರಿಗೂ ಒಂದೊಂದು ಪೊಟ್ಟಣ ಪುಡಿ, ದ್ರಾವಣದೊಳಗೆ ಹಾಕಿ ಕಲಕಲು ಒಂದೊಂದು ಹೊಸ ಮ್ಯಾಗ್ನೆಟ್. ಹೆಚ್ಚು ಅನಿಲ ತೆಗೆದವರಿಗೆ ನಿರ್ದೇಶಕರ ಕೈಕೆಳಗೆ ಸಂಶೋಧನೆಯ ಸೀಟು. ಅದು ಕೈತಪ್ಪಿದರೆ ಈ ಹುಡುಗಿಗೆ ಚಿಕ್ಕಪ್ಪನ ಬಣ್ಣದಂಗಡಿಯ ಕೌಂಟರೇ ಗತಿ. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಅವಳ ಪಾಲಿಗೆ ಹೊಸ ಮ್ಯಾಗ್ನೆಟ್ ಕೂಡ ಉಳಿದಿರಲಿಲ್ಲ. ನಿರ್ದೇಶಕರು ತಮ್ಮ ಜೇಬಿನಿಂದ ಕಲೆಗಟ್ಟಿದ ಹಳೆಯದೊಂದನ್ನು ತೆಗೆದು ಅವಳ ಮುಂದೆ ಎಸೆದಿದ್ದರು. “ತಗೋ, ನನ್ನ ಪ್ಲಾಟಿನಂ ಕಾಲದ್ದು. ಇವತ್ತಿಗೂ ನನ್ನ ಎಲ್ಲಾ ಪ್ರಯೋಗಾನೂ ಇದರಲ್ಲೇ. ಕಳೆದುಹಾಕಿದ್ರೆ ನೋಡು!”

ಹುಡುಗಿ ಎಲ್ಲರಿಗಿಂತ ನಿಧಾನ. ಮೊದಲ ದಿನದ ಭಾಷಣದಲ್ಲಿ ನಿರ್ದೇಶಕರು ಹೇಳಿದ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ ಏಕೈಕ ಪೆದ್ದು ಅವಳು. ಹೇಳಿದವರೇ ಅವನ್ನು ಎಂದೂ ಪಾಲಿಸಿದವರಲ್ಲ.

“ಒಂದು ಪೊಟ್ಟಣದಲ್ಲಿ ಇಷ್ಟು ಬರೋಕೆ ಸಾಧ್ಯಾನೇ ಇಲ್ಲ,” ನಿರ್ದೇಶಕರು ಎಲ್ಲರಿಗೂ ಕೇಳುವಂತೆ ಹೇಳಿದರು. “ನನ್ನ ಪುಡಿಯ ಯೋಗ್ಯತೆ ನನಗೆ ಗೊತ್ತಿಲ್ವಾ?”

“ನಾನೇನೂ ಕದ್ದಿಲ್ಲ ಸರ್. ನೀವು ಕೊಟ್ಟಿದ್ದರಿಂದಲೇ ಬಂದಿದ್ದು.” ಅವಳ ಕೈ ಕೋಟಿನ ಜೇಬನ್ನು ಬಿಗಿಯಾಗಿ ಹಿಡಿದಿತ್ತು.

“ಜೇಬು ನೋಡಿ ಮಾವ, ಜೇಬು!” ಎಂದ ಪ್ರಯೋಗಾಲಯದ ಉಸ್ತುವಾರಿ. ನಿರ್ದೇಶಕರ ಮಗಳನ್ನು ಮದುವೆಯಾಗಿದ್ದೇ ಅವನ ಏಕೈಕ ಸಂಶೋಧನೆ.

“ಇಲ್ಲಿ ಸರ್ ಅನ್ನಬೇಕು ಅಂತ ಎಷ್ಟು ಸಲ ಹೇಳೋದು!” ಎಂದು ಗದರಿ ನಿರ್ದೇಶಕರು ಹುಡುಗಿಯತ್ತ ತಿರುಗಿದರು. “ಖಾಲಿ ಪೊಟ್ಟಣ ಎಷ್ಟಿವೆ, ತೆಗಿ ಹೊರಗೆ. ಎರಡನೇದು ಸಿಕ್ಕರೆ ಸೀಟಿನ ಮಾತು ಬಿಡು, ಈಗಲೇ ಗಂಟುಮೂಟೆ ಕಟ್ಟು.”

ಎಲ್ಲರೂ ಕತ್ತು ಚಾಚಿದರು. ಅಳಿಯ ಫೋನಿನಲ್ಲಿ ವಿಡಿಯೊ ಶುರುಮಾಡಿದ.

ಹುಡುಗಿ ಜೇಬಿಗೆ ಕೈಹಾಕಿ ಪೊಟ್ಟಣ ತೆಗೆದಳು. ಒಂದೇ ಒಂದು. ಅದರ ಅಂಟು ಬಿಚ್ಚಿರಲಿಲ್ಲ.

“ಪುಡಿ ಹಾಕೋ ಮೊದಲು, ಪುಡಿಯಿಲ್ಲದೆ ಒಂದು ಸಲ ಮಾಡಿ ನೋಡಿ ಅಂತ ನೀವೇ ಹೇಳಿದ್ರಲ್ಲ ಸರ್? ಈಗ ಫ್ಲಾಸ್ಕಿನಲ್ಲಿರೋದು ಬರೀ ದ್ರಾವಣ, ಮತ್ತೆ ನಿಮ್ಮ ಪ್ಲಾಟಿನಂ ಕಾಲದ ಹಳೇ ಮ್ಯಾಗ್ನೆಟ್.”