ನಾನು ಬರೆದ ಬೋಳು ಗುಡ್ಡ

ಅಗಸೆ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಓಝರ್ ಊರಿನ ಆ ಚಳಿಗಾಲದ ಇಳಿಹೊತ್ತು ನೆನಪಾಗುತ್ತದೆ.

ಅಪ್ಪ ಅಲ್ಲಿನ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ರಜೆಯ ದಿನ ಬಣ್ಣಗಳಿಗೆ ಅಗಸೆ ಎಣ್ಣೆ ಬೆರೆಸಿ ಚಿತ್ರ ಬರೆಯುತ್ತಿದ್ದ. ಆ ವರ್ಷ ನನ್ನ ಕೈಗೂ ಕುಂಚ ಕೊಟ್ಟು, ಕ್ವಾರ್ಟರ್ಸಿನ ಹಿಂದಿನ ಗುಡ್ಡದ ಎದುರು ಕೂರಿಸಿದ. ಹುಲ್ಲೆಲ್ಲ ಒಣಗಿದ ಆ ಗುಡ್ಡದಲ್ಲಿ ಬರೆಯುವಂಥದ್ದೇನೂ ನನಗೆ ಕಾಣಲಿಲ್ಲ.

"ನೆರಳು ನೋಡು. ಖರೇನ ಕರ್ರಗ ಅದ ಏನು?" ಎಂದ.

ಬಹಳ ಹೊತ್ತು ನೋಡಿ, ನೇರಳೆ ಬಣ್ಣ ಎಂದೆ.

"ಶಾಣ್ಯಾಕಿ! ನಿನ್ನ ಕಣ್ಣು ನನ್ನ ಕಣ್ಣಿಗಿಂತ ಚಲೋ ಅವ," ಎಂದು ತಲೆ ಸವರಿದ. ಗುಡ್ಡವನ್ನು ನಾನೊಬ್ಬಳೇ ಬರೆದು ಮುಗಿಸಿದೆ.

ಅಕ್ಕನನ್ನು ನೋಡಲು ಔರಂಗಾಬಾದಿನಿಂದ ಗಂಡಿನವರು ಬಂದ ದಿನ ನನ್ನ ಗುಡ್ಡ ಅಕ್ಕನ ಕಸೂತಿಯ ಪಕ್ಕ ಗೋಡೆ ಏರಿತ್ತು. ಅದರ ಎಣ್ಣೆ ಇನ್ನೂ ಆರಿರಲಿಲ್ಲ.

"ಬರೀ ಬೋಳು ಗುಡ್ಡ, ಆದ್ರ ಎಷ್ಟ್ ಛಂದ ಕಾಣ್ತದ! ಯಾರು ತಗದಾರ್ರೀ?" ಎಂದರು ಹುಡುಗನ ತಾಯಿ.

"ನಮ್ಮ ದೊಡ್ಡಾಕಿ ತಗದಾಳ್ರೀ," ಎಂದ ಅಪ್ಪ. ಅಕ್ಕ ತಲೆ ತಗ್ಗಿಸಿದಳು.

ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದ ನನ್ನತ್ತ ಹುಡುಗನ ತಾಯಿ ತಿರುಗಿದರು. "ನೀನೂ ಚಿತ್ರ ತಗೀತೀ ಏನವ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನಕ್ಕ. "ಇಲ್ರೀ, ಈಕಿಗೆ ಬಣ್ಣದ ಗುರ್ತೇ ಇಲ್ಲ."

ಎಲ್ಲರೂ ನಕ್ಕರು. ಕಿಟಕಿಯಾಚೆ ಗುಡ್ಡದ ನೆರಳು ನೇರಳೆಗೆ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅಪ್ಪ ಎದ್ದು ಬಂದ. ನನ್ನ ಮುಖ ನೋಡದೆ, "ಭಾಳ ಥಂಡಿ ಅದ," ಎಂದು ಕಿಟಕಿ ಮುಚ್ಚಿದ.